ಹನ್ನೊಂದನೆಯ ಮೊಟ್ಟೆ

ರಾಮಕ್ಕನಿಗೆ ಜೋಡಿ ಲೆಕ್ಕ ಕಂಡರೆ ಆಗುತ್ತಿರಲಿಲ್ಲ. ಎಲ್ಲದಕ್ಕೂ ಅಲ್ಲ, ಕೋಳಿಯನ್ನು ಕಾವಿಗೆ ಕೂರಿಸುವಾಗ ಮಾತ್ರ. ಒಂಬತ್ತು ಇಡು, ಹನ್ನೊಂದು ಇಡು, ಕೋಳಿ ದಪ್ಪಗಿದ್ದರೆ ಹದಿಮೂರು ಇಡು. ಹತ್ತು ಇಟ್ಟೆಯೋ, ಮರಿ ಕೈಗೆ ಹತ್ತುವುದಿಲ್ಲ. ಯಾಕೆ ಅಂತ ಕೇಳಿದರೆ ಅವಳಿಗೂ ಗೊತ್ತಿಲ್ಲ. ಅವಳವ್ವ ಹಾಗೆ ಮಾಡುತ್ತಿದ್ದಳು, ಅವ್ವನ ಅವ್ವನೂ ಹಾಗೇ ಮಾಡುತ್ತಿದ್ದಳು. ಹೆಗ್ಗನಹಳ್ಳಿಯಲ್ಲಿ ಹುಟ್ಟಿ, ಕೆಂಗೇರಿ ಕೋಟೆಗೆ ಸೊಸೆಯಾಗಿ ಬಂದು, ನಲವತ್ತು ವರ್ಷ ಕೋಳಿ ಸಾಕಿದ ರಾಮಕ್ಕನೂ ಹಾಗೇ ಮಾಡಿಕೊಂಡು ಬಂದಳು. ಶಾಸ್ತ್ರ ಅಂದಮೇಲೆ ಶಾಸ್ತ್ರ. ಅದಕ್ಕೆ ಕಾರಣ ಕೇಳುತ್ತಾ ಕೂತರೆ ಮೊಟ್ಟೆ ತಣ್ಣಗಾಗುತ್ತದೆ.

ಆದರೆ ಈ ಸಲದ ಹತ್ತು ಮೊಟ್ಟೆ ಅವಳವಾಗಿರಲಿಲ್ಲ. ಹಾಗೆ ನೋಡಿದರೆ ಅವು ಕೋಳಿಯವೂ ಆಗಿರಲಿಲ್ಲ.

ಕೆಂಗೇರಿ ಉಪನಗರ ದಾಟಿ ಒಳಗೆ ಹೋದರೆ, ಹಿಂದೆ ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಹೆಂಚಿನ ಕಟ್ಟಡವೊಂದಿತ್ತು. ಅದನ್ನೇ ರಿಪೇರಿ ಮಾಡಿಸಿ ಅರ್ಧ ಲ್ಯಾಬು, ಅರ್ಧ ಕೋಳಿ ಶೆಡ್ಡು ಮಾಡಿಕೊಂಡಿದ್ದರು. ಅಲ್ಲಿನ ಮುಖ್ಯಸ್ಥರು ಡಾಕ್ಟರ್ ಪದ್ಮನಾಭ, ನಿವೃತ್ತಿಗೆ ಇನ್ನೆರಡು ವರ್ಷ ಇದ್ದವರು. ಅವರ ಕೈಕೆಳಗೆ ಬಸವೇಶ್ವರನಗರದ ಹುಡುಗಿ ಕೀರ್ತನಾ. ಶೆಡ್ಡು ಗುಡಿಸಿ, ಕೋಳಿಗಳ ಕಾಳು ನೀರು ನೋಡಿಕೊಳ್ಳಲು ರಾಮಕ್ಕ.

ಅಲ್ಲಿ ನಡೆಯುತ್ತಿದ್ದ ಕೆಲಸ ಇಷ್ಟು. ಬಂಡೆಗೌಜಲು ಅಂತ ಒಂದು ಹಕ್ಕಿ. ಮಾಗಡಿ ರಸ್ತೆಯ ಆಸುಪಾಸಿನಲ್ಲಿ ಲೇಔಟುಗಳು ಬರುವ ಮೊದಲು, ಬಂಡೆಗಳ ಸಂದಿನಲ್ಲಿ, ಕುರುಚಲು ಗಿಡಗಳ ಬುಡದಲ್ಲಿ ಇತ್ತಂತೆ. ಬಂಡೆ ಜಲ್ಲಿಯಾಯಿತು, ಕುರುಚಲು ಸೈಟಾಯಿತು, ಹಕ್ಕಿ ಇಲ್ಲವಾಯಿತು. ಕೊನೆಯ ಜೋಡಿ ಪಂಜರದಲ್ಲೇ ಸತ್ತು ಹನ್ನೆರಡು ವರ್ಷ. ಸಾಯುವ ಮೊದಲು ಅವು ಇಟ್ಟ ಮೊಟ್ಟೆಗಳೊಳಗಿನ ಪಿಂಡದಿಂದ ಸಂತಾನದ ಕಣಗಳನ್ನು ಯಾರೋ ಪುಣ್ಯಾತ್ಮರು ತೆಗೆದು, ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದರು. ಪದ್ಮನಾಭ ಮತ್ತು ಕೀರ್ತನಾ ಕೋಳಿಯ ವಂಶವಾಹಿಯಲ್ಲಿ ಒಂದು ಸಣ್ಣ ತಿದ್ದುಪಡಿ ಮಾಡಿ, ಅದಕ್ಕೆ ತನ್ನದೇ ಸಂತಾನ ಆಗದ ಹಾಗೆ ನೋಡಿಕೊಂಡು, ಆ ಖಾಲಿ ಜಾಗಕ್ಕೆ ಗೌಜಲಿನ ಕಣಗಳನ್ನು ಸೇರಿಸಿದ್ದರು. ಹುಂಜಕ್ಕೂ ಅಷ್ಟೇ, ಹೇಂಟೆಗೂ ಅಷ್ಟೇ. ಅವು ಕೂಡಿ ಇಟ್ಟ ಮೊಟ್ಟೆ ಹೊರಗಿಂದ ಕೋಳಿ ಮೊಟ್ಟೆ, ಒಳಗೆ ಗೌಜಲು ಮರಿ.

ಕೀರ್ತನಾ ಇದನ್ನು ರಾಮಕ್ಕನಿಗೆ ಎರಡು ದಿನ ಕೂರಿಸಿಕೊಂಡು ವಿವರಿಸಿದ್ದಳು. ಮೂರನೆಯ ದಿನ ರಾಮಕ್ಕ, ಹಾಗಾದ್ರೆ ಮನೆ ಕೋಳಿದು, ಬಾಡಿಗೆಗಿರೋದು ಗೌಜಲು ಅಂದಳು. ಅದಕ್ಕಿಂತ ಚೆನ್ನಾಗಿ ತಾನು ಯಾವ ಮೀಟಿಂಗಿನಲ್ಲೂ ಹೇಳಿಲ್ಲ ಎಂದು ಕೀರ್ತನಾ ಬಿದ್ದು ಬಿದ್ದು ನಕ್ಕಿದ್ದಳು. ಅವತ್ತಿನಿಂದ ಇಬ್ಬರೂ ಒಟ್ಟಿಗೇ ಊಟದ ಡಬ್ಬಿ ಬಿಚ್ಚುತ್ತಿದ್ದರು.

ಮೊದಲೆರಡು ಸಲ ಇಟ್ಟ ಮೊಟ್ಟೆಗಳನ್ನು ಮರಿ ಮಾಡುವ ಮಿಷನ್ನಿನಲ್ಲಿ ಇಟ್ಟಿದ್ದರು. ಮರಿಗಳು ಒಳಗೆ ಬೆಳೆದವು, ಆದರೆ ಎರಡು ಸಲವೂ ಕೊನೆಯ ವಾರದಲ್ಲಿ ಒಂದೂ ಉಳಿಯಲಿಲ್ಲ. ಮೂರನೆಯ ಸಲ ಕೋಳಿಗಳು ಹತ್ತು ಮೊಟ್ಟೆ ಕೊಟ್ಟು ನಿಲ್ಲಿಸಿಬಿಟ್ಟವು. ಅವಕ್ಕೂ ವಯಸ್ಸಾಗಿತ್ತು, ಕೂಡಿಟ್ಟ ಕಣವೂ ಮುಗಿದಿತ್ತು. ಈ ಹತ್ತು ಹೋದರೆ ಬಂಡೆಗೌಜಲು ಇನ್ನೊಂದು ಸಲ ಇಲ್ಲವಾಗುತ್ತದೆ, ಈ ಸಲ ಯಾವತ್ತಿಗೂ. ಮಿಷನ್ನಿಗೆ ಬಿಸಿ ಮಾಡೋದು ಗೊತ್ತು, ತಾಯ್ತನ ಎಲ್ಲಿ ಗೊತ್ತು, ಒಂದು ಸಲ ಕೋಳಿ ಕೆಳಗೆ ಇಟ್ಟು ನೋಡಿ ಅಂದವಳು ರಾಮಕ್ಕನೇ. ಪದ್ಮನಾಭ ಒಪ್ಪಲಿಲ್ಲ. ಕೀರ್ತನಾ ಒಂದು ವಾರ ಅವರ ಬೆನ್ನು ಬಿಡಲಿಲ್ಲ. ಕೊನೆಗೆ ಅವರು ಹೂಂ ಅಂದದ್ದು ಬೇರೆ ದಾರಿ ಕಾಣದೆ.

ರಾಮಕ್ಕ ತನ್ನ ಮನೆಯ ಕೆಂಪಿಯನ್ನು ತಂದಳು. ಕಾವಿಗೆ ಬಂದ ನಾಟಿ ಕೋಳಿ, ಮುಟ್ಟಲು ಹೋದರೆ ಕುಕ್ಕುತ್ತಿತ್ತು. ಬುಟ್ಟಿಗೆ ಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲಿ ಅಂತ ಹುಲ್ಲಿನಡಿ ಒಂದು ಇದ್ದಿಲು ತುಂಡು, ಒಂದು ಕಬ್ಬಿಣದ ಮೊಳೆ ಇಟ್ಟಳು. ಕೀರ್ತನಾ ನೋಡಿಯೂ ಬೇಡ ಅನ್ನಲಿಲ್ಲ. ಆಮೇಲೆ ಒಂದರಿಂದ ಹತ್ತರವರೆಗೆ ಪೆನ್ಸಿಲಿನಲ್ಲಿ ನಂಬರು ಬರೆದ ಮೊಟ್ಟೆಗಳನ್ನು ಒಂದೊಂದಾಗಿ ಕೊಟ್ಟಳು. ಹತ್ತನೆಯದು ಕೈಗೆ ಬಂದಾಗ ರಾಮಕ್ಕ ಇನ್ನೊಂದಕ್ಕೆ ಕೈ ಚಾಚಿಯೇ ಇದ್ದಳು. ಅಷ್ಟೇ ರಾಮಕ್ಕ, ಮುಗೀತು ಅಂದಳು ಕೀರ್ತನಾ.

ಮನೆಗೆ ಹೋದರೂ ಆ ಹತ್ತು ರಾಮಕ್ಕನ ತಲೆಯಿಂದ ಇಳಿಯಲಿಲ್ಲ. ಹೇಳಿದರೆ ನಗುತ್ತಾರೆ. ಪದ್ಮನಾಭ ಸಾಹೇಬರಂತೂ ಇದ್ದಿಲು, ಮೊಳೆಯನ್ನೂ ತೆಗೆಸಿ ಬಿಸಾಕುತ್ತಾರೆ. ಹೇಳದೆ ಬಿಟ್ಟರೆ, ನಾಳೆ ಮರಿ ಆಗದೆ ಹೋದರೆ, ಗೊತ್ತಿದ್ದೂ ಸುಮ್ಮನಿದ್ದೆನಲ್ಲ ಅಂತ ತನ್ನ ಹೊಟ್ಟೆಯೇ ಉರಿಯುತ್ತದೆ. ಬೆಳಿಗ್ಗೆ ಎದ್ದು ತನ್ನ ಇನ್ನೊಂದು ಹೇಂಟೆ ಇಟ್ಟಿದ್ದ ಮೊಟ್ಟೆ ಸೆರಗಿನಲ್ಲಿ ಕಟ್ಟಿಕೊಂಡಳು. ಗೊಡ್ಡು ಮೊಟ್ಟೆ, ಅದರಿಂದ ಏನೂ ಆಗುವುದಿಲ್ಲ ಎನ್ನುವುದು ಅವಳಿಗೆ ಗ್ಯಾರಂಟಿ. ಯಾಕೆಂದರೆ ಮನೆಯಲ್ಲಿದ್ದ ಒಂದೇ ಹುಂಜ ಯುಗಾದಿ ಮಾರನೆಯ ದಿನ ಹೊಸತೊಡಕಿಗೆ ಸಾರಾಗಿ ಎಂಟು ದಿನ ಆಗಿತ್ತು. ಬರೀ ಲೆಕ್ಕ ತುಂಬಲು ಒಂದು ಮೊಟ್ಟೆ. ಯಾರೂ ಬರುವ ಮೊದಲೇ ಕೆಂಪಿಯ ಹೊಟ್ಟೆಯಡಿ ಅದನ್ನು ತೂರಿಸಿ, ನಿರಾಳವಾಗಿ ಕಸಪೊರಕೆ ಹಿಡಿದಳು.

ಏಳನೆಯ ದಿನ ಮೊಟ್ಟೆಗಳಿಗೆ ಬೆಳಕು ಹಾಯಿಸಿ ನೋಡುವುದಿತ್ತು. ಕೀರ್ತನಾ ಬಾಗಿಲು ಹಾಕಿ ಟಾರ್ಚು ತರುವಷ್ಟರಲ್ಲಿ ರಾಮಕ್ಕ ತನ್ನ ಮೊಟ್ಟೆಯನ್ನು ಮಡಿಲಿಗೆ ಸೇರಿಸಿದ್ದಳು. ನಾಲ್ಕು ಮೊಟ್ಟೆಯಲ್ಲಿ ಏನೂ ಇರಲಿಲ್ಲ. ಉಳಿದ ಆರರಲ್ಲಿ ಕೆಂಪು ನರಗಳು ಹರಡಿ, ನಡುವೆ ಒಂದು ಚುಕ್ಕೆ ಮಿಡಿಯುತ್ತಿತ್ತು. ಕೀರ್ತನಾ ರಾಮಕ್ಕನ ಭುಜ ಹಿಡಿದುಕೊಂಡು, ಅಳುತ್ತಲೇ ನೋಡಿದ್ದೇ ನೋಡಿದ್ದು. ನಾಲ್ಕನ್ನು ತೆಗೆದರು. ಆರಕ್ಕೆ ತನ್ನದೊಂದು ಸೇರಿದರೆ ಏಳು, ಲೆಕ್ಕ ಸರಿಯಾಗೇ ಇದೆ ಎಂದುಕೊಂಡು, ಕೀರ್ತನಾ ಆಚೆ ಹೋದಮೇಲೆ ರಾಮಕ್ಕ ಮಡಿಲಿನದನ್ನು ವಾಪಸ್ಸು ಇಟ್ಟಳು. ಹದಿನಾಲ್ಕನೆಯ ದಿನವೂ ಇದೇ ಕಥೆ.

ಗೌಜಲು ಮರಿ ಎಷ್ಟು ದಿನಕ್ಕೆ ಹೊರಬರುತ್ತದೆ ಅಂತ ಬದುಕಿರುವ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಇಪ್ಪತ್ತರಿಂದ ಇಪ್ಪತ್ತೈದರೊಳಗೆ ಎನ್ನುವುದು ಪದ್ಮನಾಭರ ಅಂದಾಜು. ಕೋಳಿಗಾದರೆ ಇಪ್ಪತ್ತೊಂದು, ಅದು ಕೆಂಗೇರಿಯ ಮಕ್ಕಳಿಗೂ ಗೊತ್ತು.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಶೆಡ್ಡಿನ ಬೀಗ ತೆಗೆದ ರಾಮಕ್ಕನಿಗೆ ಚಿಂವ್ ಚಿಂವ್ ಕೇಳಿಸಿತು. ಖುಷಿಯಿಂದ ಓಡಿದಳು. ಕೆಂಪಿಯ ರೆಕ್ಕೆಯ ಅಂಚಿನಲ್ಲಿ ಪುಟ್ಟ ತಲೆಯೊಂದು ಇಣುಕುತ್ತಿತ್ತು. ಅದರ ನೆತ್ತಿ ಕಪ್ಪು, ಸಾರಾದ ಹುಂಜದ ನೆತ್ತಿಯ ಹಾಗೇ. ಕೆಳಗೆ ಕೈ ತೂರಿಸಿ ಒಡೆದ ಚಿಪ್ಪು ಎಳೆದು ತಿರುಗಿಸಿ ಮುರುಗಿಸಿ ನೋಡಿದಳು. ಪೆನ್ಸಿಲಿನ ನಂಬರು ಎಲ್ಲೂ ಇರಲಿಲ್ಲ. ಅಲ್ಲೇ ನೆಲದ ಮೇಲೆ ಕೂತಳು. ಚಿಪ್ಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡದ್ದು ಅವಳಿಗೇ ತಿಳಿಯಲಿಲ್ಲ.

ಹಿಂದೆಯೇ ಬಂದ ಕೀರ್ತನಾ ರೆಕ್ಕೆಯಡಿ ಇಣುಕಿದ ಆ ತಲೆಯಷ್ಟನ್ನೇ ಕಂಡು ಬಾಯಿಗೆ ಕೈ ಅಡ್ಡ ಹಿಡಿದಳು. ಕಣ್ಣಲ್ಲಿ ನೀರು ತುಂಬಿತು. ರಾಮಕ್ಕನನ್ನು ಎಬ್ಬಿಸಿ ತಬ್ಬಿಕೊಂಡು, ಎಲ್ಲ ನಿಮ್ಮಿಂದ, ನಿಮ್ಮ ಕೈಗುಣದಿಂದ ಅಂದಳು. ಆಗಲೇ ಹೇಳಬೇಕಿತ್ತು. ಆಮೇಲೆ ಪದ್ಮನಾಭ ಬಂದರು, ದೂರದಿಂದಲೇ ನೋಡಿದರು, ಕೋಳಿಯನ್ನು ಯಾರೂ ಮುಟ್ಟಬಾರದು ಅಂದರು, ಆಚೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕನ್ನಡಕ ಒರೆಸಿಕೊಂಡರು. ಹತ್ತು ಗಂಟೆಗೆ ಮೇಲಿನವರಿಗೆಲ್ಲ ಫೋನು ಹೋಯಿತು, ಹನ್ನೊಂದಕ್ಕೆ ಮೈಸೂರುಪಾಕಿನ ಡಬ್ಬಿ ಬಂತು, ಸಾಯಂಕಾಲ ಟೀವಿಯವರು ಬರುತ್ತಾರೆ ಎಂದು ಗೊತ್ತಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಇಲ್ಲಿ ಹುಟ್ಟಿದ ಕೂಸೇ ಬೇರೆಯವರದು.

ರಾಮಕ್ಕ ಹಿಂದಿನ ನೀರಿನ ತೊಟ್ಟಿಯ ಹತ್ತಿರ ನಿಂತು ಯೋಚಿಸಿದಳು. ಸುಮ್ಮನಿದ್ದರೆ ಏನಾಗುತ್ತದೆ? ನಾಳೆಯೋ ನಾಡಿದ್ದೋ ಉಳಿದವೂ ಒಡೆದು ಮರಿ ಬರುತ್ತವೆ, ಅವುಗಳ ನಡುವೆ ಇದೊಂದು ಕಳೆದುಹೋಗುತ್ತದೆ, ಯಾರಿಗೆ ಗೊತ್ತಾಗುತ್ತದೆ. ಆಮೇಲೆ ರಕ್ತ ಪರೀಕ್ಷೆ ಮಾಡಿದರೆ? ಮಾಡಿದರೆ ಮಾಡಲಿ, ಆಗಿನ ಮಾತು ಆಗ. ಹೀಗೆ ತನಗೇ ಸಮಾಧಾನ ಹೇಳಿಕೊಂಡು ಒಳಗೆ ಬಂದರೆ, ಪದ್ಮನಾಭ ಕೀರ್ತನಾಗೆ ಸಂಜೆಯ ಕೆಲಸ ಒಪ್ಪಿಸುತ್ತಿದ್ದರು. ಗೌಜಲಿನ ಜಾತಿಯಲ್ಲಿ ಒಂದು ತಾಯಿಯ ಮರಿಗಳೆಲ್ಲ ಒಂದೇ ದಿನ ಹೊರಬರುತ್ತವೆ. ಒಂದು ಬಂದಾಗಿದೆ. ಸಂಜೆಯೊಳಗೆ ಬಿರುಕು ಬಿಡದ ಮೊಟ್ಟೆ ಸತ್ತ ಹಾಗೇ ಲೆಕ್ಕ. ಕೊಳೆಯುವ ಮೊದಲು ಒಡೆದು, ಮರಿ ಯಾಕೆ ಉಳಿಯಲಿಲ್ಲ ಅಂತ ನೋಡೋಣ, ಈ ಬಿಸಿಲುಗಾಲದಲ್ಲಿ ತಡ ಮಾಡುವುದು ಬೇಡ ಅಂದರು. ಕೀರ್ತನಾ ತಲೆಯಾಡಿಸಿ ಬರೆದುಕೊಂಡಳು.

"ಸಾರ್, ಅವನ್ನ ಒಡೀಬೇಡಿ" ಅಂದಳು ರಾಮಕ್ಕ. "ಅವು ಸತ್ತಿಲ್ಲ. ಅವುಗಳ ದಿನ ಇನ್ನೂ ಬಂದಿಲ್ಲ ಅಷ್ಟೇ. ಹೊರಗೆ ಬಂದಿರೋದು ಗೌಜಲಲ್ಲ ಸಾರ್, ನಮ್ಮನೆ ಕೋಳಿ ಮರಿ. ಆ ಮೊಟ್ಟೆ ನಾನೇ ಇಟ್ಟೆ."

ಸೊಂಟದಿಂದ ಚಿಪ್ಪು ತೆಗೆದು ಮೇಜಿನ ಮೇಲಿಟ್ಟಳು. ಹತ್ತು ಜೋಡಿ ಲೆಕ್ಕ ಅಂತ ಹೇಳಿದಳು, ಹುಂಜ ಸಾರಾದದ್ದು ಹೇಳಿದಳು, ಅದು ಗೊಡ್ಡು ಅಂದುಕೊಂಡಿದ್ದೆ ಅಂತಲೂ ಹೇಳಿದಳು. ಹೇಳುತ್ತಾ ಹೋದ ಹಾಗೆ ತನ್ನ ಮಾತು ತನಗೇ ಹುಚ್ಚು ಹುಚ್ಚಾಗಿ ಕೇಳಿಸಿತು. ಪದ್ಮನಾಭರು ಚಿಪ್ಪನ್ನೇ ನೋಡುತ್ತಿದ್ದರು. ಹುಂಜ ಹೋದರೂ ಅದರ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ವಾರಕ್ಕೂ ಮೇಲೆ ಉಳಿದಿರುತ್ತದೆ ಎಂದು ಕೀರ್ತನಾ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ನಲವತ್ತು ವರ್ಷದಲ್ಲಿ ರಾಮಕ್ಕನ ಮನೆ ಹುಂಜ ಇಲ್ಲದೆ ಇದ್ದದ್ದೇ ಇಲ್ಲ, ಅವಳಿಗೆ ಅದು ಗೊತ್ತಾಗುವುದಾದರೂ ಹೇಗೆ.

"ನಾನು ಎರಡು ಸಲ ಎಣಿಸಿದೀನಿ. ಆಗ ಎಲ್ಲಿತ್ತು ಅದು?" ಎಂದು ಕೇಳಿದಳು ಕೀರ್ತನಾ.

ರಾಮಕ್ಕ ಮಡಿಲು ಮುಟ್ಟಿ ತೋರಿಸಿದಳು. ಕೀರ್ತನಾ ಮುಖ ಆಚೆ ತಿರುಗಿಸಿಕೊಂಡಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುವ ಮಾತನ್ನು ರಾಮಕ್ಕ ಎಷ್ಟು ಜನರಿಗೆ ಹೇಳಿದ್ದಳೋ, ಅವತ್ತು ಅದು ಅವಳ ಹೆಗಲಿಗೇ ಬಂದು ಕೂತಿತು.

ಪದ್ಮನಾಭರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಬೆಳಿಗ್ಗೆ ಯಾರು ಯಾರಿಗೆ ಫೋನು ಮಾಡಿದ್ದರೋ ಅವರಿಗೆಲ್ಲ ಒಬ್ಬೊಬ್ಬರಾಗಿ ಮತ್ತೆ ಮಾಡಿ, ತಪ್ಪಾಗಿದೆ, ಅದು ನಮ್ಮ ಹಕ್ಕಿಯಲ್ಲ ಎಂದು ಹೇಳಿದರು. ಏಳನೆಯ ಫೋನಿಗೆ ಅವರ ದನಿ ಒಡೆಯಿತು. ಆಮೇಲೆ ರಾಮಕ್ಕನ ಕಡೆ ನೋಡದೆಯೇ, ನಾಳೆಯಿಂದ ಬರಬೇಡಿ ಅಂದರು.

ಅಷ್ಟರಲ್ಲಿ ಶೆಡ್ಡಿನಲ್ಲಿ ಕೆಂಪಿ ಎದ್ದು ನಿಂತಿತ್ತು. ಮರಿ ಹೊರಬಂದಮೇಲೆ ತಾಯಿ ಗೂಡಿನಲ್ಲಿ ಎಷ್ಟು ಹೊತ್ತು ಕೂರುತ್ತದೆ? ಕೊಕ್ ಕೊಕ್ ಎನ್ನುತ್ತಾ ಮರಿಯನ್ನು ಕರೆದುಕೊಂಡು ಕೆದಕಲು ಹೊರಟೇ ಹೋಯಿತು. ಆರು ಮೊಟ್ಟೆ ಬತ್ತಲೆ ಬಿದ್ದಿದ್ದವು. ಮರಿಯನ್ನು ಎತ್ತಿ ಬೇರೆ ಕಡೆ ಬಿಟ್ಟರೆ ಕೆಂಪಿ ಅದನ್ನು ಹುಡುಕಿಕೊಂಡು ಅರಚುತ್ತಾ ತಿರುಗಿತೇ ಹೊರತು ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಕೀರ್ತನಾ ಓಡಿ ಬಂದು ಮೊಟ್ಟೆಗಳನ್ನು ಬಟ್ಟೆಯಲ್ಲಿ ಸುತ್ತಿ ಮಿಷನ್ನಿಗೆ ಸೇರಿಸಿದಳು. ಬಾಗಿಲು ಮುಚ್ಚಿ, ಅದಕ್ಕೆ ಹಣೆ ಆನಿಸಿ ನಿಂತಳು. ನಾಲ್ಕು ಗಂಟೆ ಇಲ್ಲಿದ್ದರೆ ಅಡ್ಡಿಯಿಲ್ಲ, ನಾಲ್ಕು ದಿನ ಇದ್ದರೆ ಮೊದಲಿನವುಗಳ ಗತಿಯೇ ಇವಕ್ಕೂ ಎನ್ನುವುದು ಅವಳಿಗೆ ಗೊತ್ತಿತ್ತು.

ಕಾವಿಗೆ ಕೂತ ಇನ್ನೊಂದು ಕೋಳಿ ಬೇಕು. ಬೆಂಗಳೂರಿನಲ್ಲಿ, ಮಟಮಟ ಮಧ್ಯಾಹ್ನ, ಎಲ್ಲಿಂದ ತರುವುದು? ಫಾರಂ ಕೋಳಿಗೆ ಕಾವು ಎಂದರೇನೆಂದೇ ಮರೆತುಹೋಗಿದೆ. ನಾಟಿ ಕೋಳಿಯಾದರೆ ಅಂಗಡಿಯವರು ಭಾನುವಾರದ ಗಿರಾಕಿಗೆ ಕಟ್ಟಿಟ್ಟಿರುತ್ತಾರೆ. ರಾಮಕ್ಕ ಮೊದಲು ಕೆಂಗೇರಿಯ ಐದು ಮನೆಗೆ ಫೋನು ಮಾಡಿದಳು, ಎಲ್ಲೂ ಇಲ್ಲ. ಆರನೆಯದು ಹೆಗ್ಗನಹಳ್ಳಿಯ ತನ್ನ ತಂಗಿ ಅಂಜಮ್ಮನಿಗೆ. ಅಂಜಮ್ಮ ಎತ್ತಿದ ಕೂಡಲೇ ತನ್ನ ಗೋಳೇ ಹೇಳಿಕೊಂಡಳು. ಅವಳ ಬಿಳಿ ಹೇಂಟೆ ಮೊಟ್ಟೆ ಇಡುವುದು ಬಿಟ್ಟು ಕಾವಿಗೆ ಕೂತಿದೆ, ಕಾವು ಬಿಡಿಸಲು ನಾಲ್ಕು ದಿನದಿಂದ ನೀರಲ್ಲಿ ಅದ್ದುತ್ತಿದ್ದಾಳೆ, ಮಂಕರಿ ಬುಟ್ಟಿ ಕವುಚಿದ್ದಾಳೆ, ಆದರೂ ಆ ಮುಂಡೇದು ಈರುಳ್ಳಿ ಮೂಟೆ ಪಕ್ಕ ಉರುಳಿದ ಎರಡು ಈರುಳ್ಳಿಯ ಮೇಲೆ ರೆಕ್ಕೆ ಹರಡಿ ಕೂತಿದೆ.

ಅದನ್ನ ಅದ್ದಬೇಡ, ಬಂದೆ ಎಂದು ರಾಮಕ್ಕ ಫೋನಿಟ್ಟಳು. ಪದ್ಮನಾಭರ ಬಾಗಿಲಿಗೆ ಹೋಗಿ, ನಾಳೆಯಿಂದ ಬರಲ್ಲ ಸಾರ್, ಇವತ್ತು ಒಂದಿನ ಕೊಡಿ ಅಂತ ಕೇಳಿಕೊಂಡಳು. ಅವರು ಉತ್ತರ ಕೊಡುವ ಮೊದಲೇ ಕೀರ್ತನಾ ಸ್ಕೂಟರಿನ ಕೀ ತೆಗೆದುಕೊಂಡಿದ್ದಳು.

ನಾಗರಬಾವಿ ದಾಟಿ ಸುಂಕದಕಟ್ಟೆಗೆ ಬಂದರು. ಸಿಗ್ನಲ್ಲಿನಲ್ಲಿ ನಿಂತಾಗ ಕೀರ್ತನಾ ಹಿಂದೆ ತಿರುಗದೆಯೇ ಮಾತಾಡಿದಳು. ಮೊಟ್ಟೆ ಇಟ್ಟದ್ದಕ್ಕೆ ತನಗೆ ಅಷ್ಟು ಸಿಟ್ಟಿಲ್ಲ. ಇದ್ದಿಲಿಗೆ, ಮೊಳೆಗೆ ತಾನು ಬೇಡ ಅಂದಿದ್ದೆನಾ? ಹನ್ನೊಂದು ಬೇಕು ಅಂದಿದ್ದರೆ ಒಂದು ಮರದ ಮೊಟ್ಟೆ ಮಾಡಿಸಿ ತರುತ್ತಿದ್ದೆ.

"ನಾನು ನಿಮ್ಮ ಭುಜ ಹಿಡ್ಕೊಂಡು ಅಳ್ತಾ ಇದ್ದೆ ರಾಮಕ್ಕ. ಆವಾಗ್ಲೂ ನಿಮ್ಮ ಮಡಿಲಲ್ಲಿ ಅದು ಇತ್ತು."

ನೀವು ನಗ್ತೀರ ಅಂತ ಹೆದರಿದೆ ಎಂದು ರಾಮಕ್ಕ ಹೇಳಬಹುದಿತ್ತು, ಅದು ನಿಜವೂ ಹೌದು. ಆದರೆ ತನ್ನನ್ನು ನೋಡಿ ಆ ಹುಡುಗಿ ಯಾವತ್ತೂ ನಕ್ಕಿರಲಿಲ್ಲ, ತನ್ನ ಜೊತೆ ನಕ್ಕಿದ್ದಳು ಅಷ್ಟೇ. ತಪ್ಪಾಯ್ತು ಕಣಮ್ಮ ಎಂದಳು. ಸಿಗ್ನಲ್ಲು ಬಿಟ್ಟಿತು, ಹಿಂದಿನವರು ಹಾರ್ನ್ ಹೊಡೆದರು.

ಅಂಜಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. ಸ್ಕೂಟರಿನಲ್ಲಿ ಬಂದ ಅಕ್ಕನನ್ನು, ಜೊತೆಗಿದ್ದ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಕಾಫಿ ಕುಡಿಯದೆ ಕೋಳಿ ಕೊಡುವುದಿಲ್ಲ ಅಂತ ಹಟ ಹಿಡಿದಳು. ಆಮೇಲೆ ಲೋಕದಲ್ಲೇ ಇಲ್ಲದ ಹಕ್ಕಿಗೆ ತನ್ನ ಕೋಳಿ ಕಾವು ಕೊಡಬೇಕಂತೆ ಎಂದು ಪಕ್ಕದ ಮನೆಯವರಿಗೂ ಕೂಗಿ ಹೇಳಿದಳು. ಕೋಳಿಯನ್ನು ಈರುಳ್ಳಿಯ ಮೇಲಿಂದ ಎತ್ತುವಾಗ ಅದು ರಾಮಕ್ಕನ ಮುಂಗೈಯಲ್ಲಿ ರಕ್ತ ಬರುವ ಹಾಗೆ ಕುಕ್ಕಿತು. ಎಷ್ಟು ಸಿಟ್ಟಿದೆಯೋ ಅಷ್ಟು ಒಳ್ಳೆಯ ಕಾವು ಎಂದು ರಾಮಕ್ಕ ಬೆಳಿಗ್ಗೆಯಿಂದ ಮೊದಲ ಸಲ ಹಗುರಾದಳು. ತನ್ನ ಕೋಳಿ ಸುರಕ್ಷಿತವಾಗಿ ವಾಪಸ್ಸು ಬರಬೇಕು, ನಿನ್ನ ಮನೆಯ ಹಬ್ಬ ನನಗೆ ಗೊತ್ತಿಲ್ಲವೇ ಎಂದು ಅಂಜಮ್ಮ ಸ್ಕೂಟರು ತಿರುವಿನಲ್ಲಿ ಮರೆಯಾಗುವವರೆಗೂ ಹೇಳುತ್ತಲೇ ಇದ್ದಳು.

ಸಂಜೆ ಬೆಳಕು ಕಂದುವ ಹೊತ್ತಿಗೆ ಬಿಳಿ ಕೋಳಿಯನ್ನು ಬುಟ್ಟಿಯ ಮುಂದೆ ಬಿಟ್ಟರು. ಈ ಸಲ ಮೊಟ್ಟೆಗಳನ್ನು ಕೀರ್ತನಾ ತಾನೇ ಇಟ್ಟಳು, ರಾಮಕ್ಕ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಕೋಳಿ ಕತ್ತು ಓರೆ ಮಾಡಿ ಮೊಟ್ಟೆ ನೋಡಿತು, ಒಂದನ್ನು ಕೊಕ್ಕಿನಿಂದ ಒಳಕ್ಕೆ ಎಳೆದುಕೊಂಡಿತು, ಗರಿ ಉಬ್ಬಿಸಿ ಮೆಲ್ಲಗೆ ಇಳಿದು ಕೂತಿತು. ಪದ್ಮನಾಭ ಬಾಗಿಲಿನಿಂದ ನೋಡುತ್ತಿದ್ದರು. ಆ ಕೋಳಿಯನ್ನು ರಾಮಕ್ಕ ಇಲ್ಲದೆ ಯಾರು ಸಂಭಾಳಿಸುತ್ತಾರೆ ಎಂದು ಕೀರ್ತನಾ ಕೇಳಿದ್ದಕ್ಕೆ ಅವರು, ಮರಿ ಆಗುವವರೆಗೆ ಎಂದಷ್ಟೇ ಹೇಳಿ ಹೋದರು.

ಇಪ್ಪತ್ತೆರಡು ಕಳೆಯಿತು, ಇಪ್ಪತ್ತಮೂರು ಕಳೆಯಿತು. ಕೀರ್ತನಾ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದಳು. ಊಟದ ಡಬ್ಬಿಯನ್ನು ಲ್ಯಾಬಿನಲ್ಲೇ ಬಿಚ್ಚಿದಳು. ರಾಮಕ್ಕ ಶೆಡ್ಡಿನಲ್ಲಿ ಒಬ್ಬಳೇ ಮುದ್ದೆ ನುಂಗಿದಳು. ಇಪ್ಪತ್ತನಾಲ್ಕಕ್ಕೆ ಪದ್ಮನಾಭರೂ ಎರಡು ಸಲ ಬಂದು, ಬುಟ್ಟಿ ನೋಡಿ ವಾಪಸ್ಸು ಹೋದರು. ಇಪ್ಪತ್ತೈದನೆಯ ದಿನ ಬೆಳಿಗ್ಗೆ ಮೂರನೆಯ ನಂಬರಿನ ಮೊಟ್ಟೆಯಲ್ಲಿ ಕೂದಲಿನಷ್ಟು ಬಿರುಕು ಕಂಡಿತು. ಮಧ್ಯಾಹ್ನದೊಳಗೆ ನಾಲ್ಕು ಮೊಟ್ಟೆ ಒಡೆದವು. ಉಳಿದೆರಡು ಒಡೆಯಲೇ ಇಲ್ಲ. ಮರಿಗಳು ಹೆಬ್ಬೆಟ್ಟಿನಷ್ಟಿದ್ದವು, ಬೆನ್ನ ಮೇಲೆ ಕಂದು ಪಟ್ಟೆ, ಕಣ್ಣಿನಿಂದ ಕತ್ತಿನವರೆಗೆ ಒಂದು ಕೆಂಪು ಗೀಟು. ಇದಕ್ಕೆ ಯಾವ ರಕ್ತ ಪರೀಕ್ಷೆಯೂ ಬೇಕಿರಲಿಲ್ಲ. ಹನ್ನೆರಡು ವರ್ಷ ಇಲ್ಲದ ಹಕ್ಕಿ ಹುಲ್ಲಿನ ಮೇಲೆ ಕೂತು ಕಣ್ಣು ಪಿಳುಕಿಸುತ್ತಿತ್ತು.

ಈ ಸಲ ಯಾರೂ ಫೋನು ಮಾಡಲಿಲ್ಲ. ಮಾಡದ್ದೇ ಒಳ್ಳೆಯದಾಯಿತು. ಯಾಕೆಂದರೆ ಮರಿಗಳು ತಿನ್ನಲಿಲ್ಲ. ಬಿಳಿ ಕೋಳಿ ಕಾಳು ಕುಟುಕಿ, ಬಿಟ್ಟು, ಕೊಕ್ ಕೊಕ್ ಎಂದು ಗಂಟಲು ಹರಿಯುವಂತೆ ಕರೆಯಿತು. ಕೋಳಿ ಮರಿಯಾಗಿದ್ದರೆ ಬಿದ್ದೆನೋ ಎದ್ದೆನೋ ಎಂದು ಓಡಿ ಬರುತ್ತಿತ್ತು. ಇವು ಕರೆ ಕೇಳಿದರೆ ನೆಲಕ್ಕೆ ಅಂಟಿಕೊಂಡು ಮತ್ತಷ್ಟು ಅಲುಗಾಡದೆ ಕೂತವು. ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯಿಂದ ಒಂದೂವರೆ ದಿನ, ಹೆಚ್ಚೆಂದರೆ ಎರಡು ದಿನ ಬದುಕಬಹುದು. ಮಾರನೆಯ ದಿನ ಕೀರ್ತನಾ ಚಿಮಟದಲ್ಲಿ ಗೆದ್ದಲು ಹಿಡಿದು ಕೊಕ್ಕಿನ ಮುಂದೆ ಆಡಿಸಿದಳು, ಬಾಯಿ ಬಿಡಿಸಿ ತುರುಕಿದಳು, ಅವು ಉಗುಳಿದವು. ಮಧ್ಯಾಹ್ನಕ್ಕೆ ಅತಿ ಚಿಕ್ಕದರ ಕತ್ತು ವಾಲಿತು. ಕೀರ್ತನಾ ಹುಲ್ಲಿನ ಮೇಲೆ ಕೂತು, ಇಷ್ಟು ದೂರ ಬಂದು ಹೀಗೆ ಹೋಗ್ತೀರಾ ಎಂದು ಅವುಗಳಿಗೇ ಹೇಳುತ್ತಿದ್ದಳು. ಕೆನ್ನೆ ಒದ್ದೆಯಾಗಿತ್ತು.

ರಾಮಕ್ಕ ಬಾಗಿಲ ಹತ್ತಿರ ನಿಂತು ಸೆರಗಿನ ತುದಿಯನ್ನು ಹಿಂಡುತ್ತಿದ್ದಳು. ಅವಳಿಗೆ ಒಂದು ವಿಷಯ ಗೊತ್ತಿತ್ತು. ಹೇಳಿದರೆ ತನ್ನ ಬಗ್ಗೆ ಉಳಿದಿರುವ ಅಷ್ಟಿಷ್ಟು ಒಳ್ಳೆಯ ಮಾತೂ ಹೋಗುತ್ತದೆ. ಮೊನ್ನೆ ನೀರಿನ ತೊಟ್ಟಿಯ ಹತ್ತಿರ ಮಾಡಿದ ಹಾಗೆ ಲೆಕ್ಕ ಹಾಕುತ್ತಾ ನಿಂತರೆ ಮಾತ್ರ ಆ ಚಿಕ್ಕದು ಉಳಿಯುವುದಿಲ್ಲ. ಅವಳು ಲೆಕ್ಕ ಹಾಕಲಿಲ್ಲ.

"ಕೀರ್ತನಮ್ಮ, ಇನ್ನೊಂದು ಹೇಳಿಬಿಡ್ತೀನಿ" ಅಂದಳು. "ಈ ಹಕ್ಕಿನ ನಾನು ತಿಂದಿದೀನಿ. ಒಂದಲ್ಲ, ಎಷ್ಟೋ. ನಮ್ಮಪ್ಪ ಹಿಡೀತಿದ್ದ."

ಕೀರ್ತನಾ ತಲೆಯೆತ್ತಿದಳು. ರಾಮಕ್ಕ ನಿಲ್ಲಿಸದೆ ಹೇಳಿದಳು. ಹೆಗ್ಗನಹಳ್ಳಿಯ ಆಚೆ ಆಗ ಬರೀ ಬಂಡೆ. ಅಪ್ಪ ಅವಳನ್ನು ಕರೆದುಕೊಂಡು ಹೋಗಿ ಬಂಡೆಯ ಮರೆಯಲ್ಲಿ ಕೂರಿಸಿ, ತಾಯಿ ಗೌಜಲು ಮರಿಗಳನ್ನು ಕರೆಯುವ ಕೂಗನ್ನು ಬಾಯಲ್ಲಿ ಮಾಡುತ್ತಿದ್ದ. ಮರಿಗಳು ಎಲ್ಲೇ ಅಡಗಿರಲಿ, ಪುಳಪುಳನೆ ಎದ್ದು ಬರುತ್ತಿದ್ದವು. ಮರಿಗಳ ಹಿಂದೆ ಹೆದರಿದ ತಾಯಿ ಬರುತ್ತಿತ್ತು, ತಾಯಿಯ ಮೇಲೆ ಬಲೆ ಬೀಳುತ್ತಿತ್ತು. ಸಾರು ರುಚಿಯಾಗಿರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪ ಅವಳಿಗೂ ಆ ಕೂಗು ಕಲಿಸಿದ್ದ. ಅವಳು ಕೂಗಿದಾಗಲೂ ಅವು ಬಂದಿದ್ದವು.

ಪದ್ಮನಾಭರು ಯಾವಾಗ ಬಂದು ಹಿಂದೆ ನಿಂತಿದ್ದರೋ, ಆ ಕೂಗು ಜಗತ್ತಿನಲ್ಲಿ ಎಲ್ಲೂ ರೆಕಾರ್ಡಾಗಿಲ್ಲ, ಪಂಜರದ ಜೋಡಿ ಒಂದು ಮರಿಯನ್ನೂ ಸಾಕಿರಲಿಲ್ಲ ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು. ಕೀರ್ತನಾ ಪಕ್ಕಕ್ಕೆ ಸರಿದು, ಹುಲ್ಲಿನ ಮೇಲೆ ತಟ್ಟಿ ಜಾಗ ತೋರಿಸಿದಳು.

"ಬನ್ನಿ ರಾಮಕ್ಕ, ಕೂತ್ಕೊಳ್ಳಿ. ಕೂಗಿ."

ಐವತ್ತು ವರ್ಷ ಕೂಗದ ಕೂಗು. ರಾಮಕ್ಕ ಅಂಗೈಯಲ್ಲಿ ಗೆದ್ದಲು ಹಿಡಿದು, ಕೈಯನ್ನು ನೆಲಕ್ಕೆ ಇಳಿಸಿದಳು. ನಾಲಿಗೆಯನ್ನು ಅಂಗುಳಿಗೆ ಒತ್ತಿದಾಗ ಮೊದಲು ಬರೀ ಗಾಳಿ ಬಂತು. ಎರಡನೆಯ ಸಲ ಟುರ್ರ್ ಎಂದಿತು, ಮೂರನೆಯ ಸಲ ಅದರ ಹಿಂದೆ ಟುಕ್ ಟುಕ್ ಎನ್ನುವ ಸಣ್ಣ ದನಿಯೂ ಹೊರಟಿತು. ನೆಲಕ್ಕೆ ಅಂಟಿ ಕೂತಿದ್ದ ಮರಿಯೊಂದು ಕತ್ತು ಎತ್ತಿತು. ಅವಳು ಮತ್ತೆ ಕೂಗಿದಳು. ಅದು ಎದ್ದು, ಎರಡು ಹೆಜ್ಜೆ ಇಟ್ಟು, ಆಮೇಲೆ ಓಡಿತು. ಹಿಂದೆಯೇ ಇನ್ನೆರಡು ಓಡಿದವು. ವಾಲಿದ ಕತ್ತಿನದು ಎಲ್ಲಕ್ಕಿಂತ ಕೊನೆಗೆ, ಎರಡು ಸಲ ಮುಗ್ಗರಿಸಿ, ಅವಳ ಕಿರುಬೆರಳನ್ನು ಹತ್ತಿ ಒಳಗೆ ಬಂತು.

ಅಂಗೈಯಲ್ಲಿ ಪುಟ್ಟ ಕೊಕ್ಕುಗಳು ಕುಟುಕುತ್ತಿದ್ದವು. ಕೈ ಅಲುಗಿದರೆ ಎಲ್ಲಿ ಹೆದರುತ್ತವೋ ಎಂದು ರಾಮಕ್ಕ ಕಣ್ಣೀರು ಕೂಡ ಒರೆಸಿಕೊಳ್ಳಲಿಲ್ಲ, ಕೀರ್ತನಾ ತನ್ನ ದುಪಟ್ಟಾದ ತುದಿಯಿಂದ ಅವಳ ಕೆನ್ನೆ ಒರೆಸಿದಳು. ರಾಮಕ್ಕನಿಗೆ ತಿಳಿದ ಮಟ್ಟಿಗೆ, ಆ ಕೂಗಿಗೆ ಓಗೊಟ್ಟು ಬಂದ ಗೌಜಲು ಬದುಕಿ ಉಳಿದದ್ದು ಅದೇ ಮೊದಲು.